ಕಿಕ್ ಹುಡುಕಿದ ಮಾಲಕ

ಟಯರಿಗೆ ಒದೆಯಬೇಕು ಎಂಬುದು ದೇವದಾಸರಿಗೆ ಗೊತ್ತಿತ್ತು. ಯಾಕೆ ಒದೆಯಬೇಕು ಎಂಬುದು ಗೊತ್ತಿರಲಿಲ್ಲ.

ಒದ್ದರು. ಟಯರು ಏನೂ ಹೇಳಲಿಲ್ಲ. ಚಪ್ಪಲಿಯ ಉಂಗುಷ್ಠ ಮಾತ್ರ ಕಿತ್ತು ಬಂತು.

"ಏಕ್‌ದಮ್ ಮಜಬೂತ್ ಹೈ ಅಂಕಲ್," ಎಂದ ಗಾಡಿ ಮಾರುವ ಹುಡುಗ ಮನೀಶ. ಟಯರಿನ ಬಗ್ಗೆ ಹೇಳಿದನೋ ಚಪ್ಪಲಿಯ ಬಗ್ಗೆಯೋ ಸ್ಪಷ್ಟವಾಗಲಿಲ್ಲ.

ವಿಠ್ಠಲವಾಡಿ ಸ್ಟೇಷನ್ನಿನ ಹಿಂದೆ, ಚಾಳಿನ ಕೊನೆಯ ಮನೆಯ ಅಂಗಳ. ಭಾನುವಾರದ ಬೆಳಗಿನ ಬಿಸಿಲಿನಲ್ಲಿ ಕಪ್ಪು ಯೆಜ್ಡಿ ಬೈಕೊಂದು ಮದುವಣಿಗನ ಹಾಗೆ ಮಿರಿಮಿರಿ ಮಿಂಚುತ್ತ ನಿಂತಿತ್ತು. ಹ್ಯಾಂಡಲ್ಲಿಗೆ ಕಟ್ಟಿದ ರಟ್ಟಿನ ಮೇಲೆ ಮರಾಠಿಯಲ್ಲಿ 'ವಿಕಣೇ ಆಹೆ', ಮಾರಾಟಕ್ಕಿದೆ, ಎಂದು ಬರೆದಿತ್ತು. ನಂಬರ್ ಪ್ಲೇಟ್ ಇರಲಿಲ್ಲ. ಪೇಂಟಿಗೆ ಕೊಟ್ಟಿದ್ದೇನೆ ಎಂದಿದ್ದ ಮನೀಶ.

ದೇವದಾಸರು ಸೊಂಟಕ್ಕೆ ಕೈಕೊಟ್ಟು ಗಾಡಿಯನ್ನು ಪ್ರದಕ್ಷಿಣೆ ಹಾಕಿದರು. ಜೀವಮಾನದಲ್ಲಿ ಅವರು ಸೈಕಲ್ಲಿಗಿಂತ ದೊಡ್ಡದೇನನ್ನೂ ಓಡಿಸಿದವರಲ್ಲ. ಡೊಂಬಿವಲಿ ಪೂರ್ವದ ಒಂದು ಉಡುಪಿ ಹೋಟೆಲಿನ ದುಡ್ಡಿನ ಗಲ್ಲೆಯ ಹಿಂದೆ ಕೂತೇ ತಲೆ ಬೆಳ್ಳಗಾಗಿತ್ತು. ಗಿರಾಕಿಯೊಬ್ಬ ಸಾಂಬಾರಿಗೆ ವಡೆ ಅದ್ದುವುದನ್ನು ನೋಡಿದರೆ ಸಾಕು, ಅವನ ಮನೆಯ ಜಗಳದಲ್ಲಿ ಗೆದ್ದವರು ಯಾರು ಎಂದು ಹೇಳಬಲ್ಲರು. ಒಮ್ಮೆ ಬಿಲ್ಲು ಕೊಡದೆ ಓಡಿದವನನ್ನು ಕುರ್ಲಾದವರೆಗೆ ರೈಲಿನಲ್ಲಿ ಅಟ್ಟಿಸಿಕೊಂಡು ಹೋಗಿ, ಹಿಡಿದು, ಅವನ ಕೈಯಿಂದಲೇ ತಮ್ಮ ವಾಪಸ್ ಟಿಕೆಟ್ ತೆಗೆಸಿಕೊಂಡು ಬಂದಿದ್ದರು. ನಂಬದವರಿಗೆ ಆ ಟಿಕೆಟ್ ತೋರಿಸಬಹುದಿತ್ತು. ಸ್ಟೇಷನ್ನಿನಲ್ಲಿ ಟಿ.ಸಿ. ಇಸಕೊಂಡುಬಿಟ್ಟ.

ಹೀಗೆ ಊರಿನ ಪತ್ತೇದಾರಿ ತಾನಾಗಿಯೇ ಗಲ್ಲೆಗೆ ಬಂದು ಸೇರಿಕೊಂಡಿತ್ತು. ಈ ಸಲ ಬಂದದ್ದು ಮಾನಪ್ಪನ ವಿಷಯ. ನವಿಮುಂಬೈಯ ಕಟ್ಟಡದ ಸೈಟಿನಿಂದ ತನ್ನ ಕೆಂಪು ಯೆಜ್ಡಿ ಹತ್ತಿ ಕಲ್ಯಾಣದ ಮನೆಗೆ ಹೊರಟ ಕೂಲಿಗಳ ಮುಕಾದಮ ಮಾನಪ್ಪ ಮನೆ ಮುಟ್ಟಿರಲಿಲ್ಲ. ಓದುಗರಿಗೆ ಇಷ್ಟು ನೆನಪಿದ್ದರೆ ಸಾಕು.

ದೇವದಾಸರ ಲೆಕ್ಕಾಚಾರ ಸರಳ. ಮನುಷ್ಯ ಅಡಗಬಹುದು, ಅಡಗಿಸಲ್ಪಡಬಹುದು. ಗಾಡಿ ಅಡಗುವುದಿಲ್ಲ. ಅದು ಎಲ್ಲಾದರೂ ಒಂದು ಕಡೆ ಮಾರಾಟಕ್ಕೆ ನಿಲ್ಲಲೇಬೇಕು. ಹಾಗಾಗಿ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವ ಗಿರಾಕಿಯ ವೇಷ ಹಾಕಿ ಠಾಣೆ, ಕಳವಾ, ಮುಂಬ್ರಾ ಎಲ್ಲ ತಿರುಗಿದ್ದರು. ತಿರುಗುತ್ತ ತಿರುಗುತ್ತ ಒಂದು ಅಪಾಯ ಸಂಭವಿಸಿತ್ತು. ವೇಷ ಮೈಗಂಟಿತ್ತು. ಅವರಿಗೆ ನಿಜವಾಗಿಯೂ ಒಂದು ಗಾಡಿ ಬೇಕೆನಿಸತೊಡಗಿತ್ತು.

ಬೇಕೆನಿಸಿದ್ದರಲ್ಲಿ ತಪ್ಪೇನೂ ಇಲ್ಲ. ಡೊಂಬಿವಲಿಯಿಂದ ನವಿಮುಂಬೈಯ ಕೋಪರ್‌ಖೈರಣೆಗೆ ಹೋಗಬೇಕೆಂದರೆ ಮೊದಲು ಕುರ್ಲಾಕ್ಕೆ ಹೋಗಿ, ಅಲ್ಲಿಂದ ವಾಶಿಗೆ ತಿರುಗಿ ಬಂದು, ಮತ್ತೆ ಬಸ್ಸು ಹಿಡಿಯಬೇಕು. ಊಟ ಮಾಡಲಿಕ್ಕೆ ಕೈಯನ್ನು ಬೆನ್ನ ಹಿಂದಿನಿಂದ ತಂದ ಹಾಗೆ. ಗಾಡಿ ಇದ್ದರೆ ಶಿಳ್‌ಫಾಟಾ ದಾಟಿ ನೇರ ಹೋದರಾಯಿತು.

ಹೆಂಡತಿ ಸುಂದರಿ ಮಾತ್ರ ಒಪ್ಪಿರಲಿಲ್ಲ. ಆಕೆ ತುಳುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಅರ್ಧ ಬೈಗಳು ದಾರಿಯಲ್ಲೇ ಸೋರಿಹೋಗುತ್ತದೆ. ಉಳಿದದ್ದು ಇಷ್ಟು:

"ನನ್ನ ಮಾವ ಹೀಗೇ ನೋಡದೆ ಒಂದು ಹಳೇ ಸ್ಕೂಟರ್ ತಗೊಂಡಿದ್ದರು. ಅದು ಎಡಕ್ಕೆ ಮಾತ್ರ ತಿರುಗ್ತಾ ಇತ್ತು. ಕಳವಾದಿಂದ ಠಾಣೆಗೆ ಹೋಗ್ಲಿಕ್ಕೆ ಭಿವಂಡಿ ಸುತ್ತಿ ಬರ್ತಾ ಇದ್ದರು, ಪಾಪ. ರಿಟೈರ್ ಆದ ಮೇಲೆಯೇ ಅವರು ಬಲಗಡೆ ಎಂತ ಉಂಟು ಅಂತ ನೋಡಿದ್ದು."

ಹೋಟೆಲಿನ ಗಿರಾಕಿಗಳದ್ದು ಬೇರೆ ಬೇರೆ ಉಪದೇಶ. ಸೈಲೆನ್ಸರಿನ ಬಾಯಿಗೆ ಬೆರಳು ಹಾಕಿ ನೋಡಿ, ಎಣ್ಣೆ ಹತ್ತಿದರೆ ಬಿಟ್ಟುಬಿಡಿ ಎಂದ ಒಬ್ಬ. ಹತ್ತದಿದ್ದರೆ ಬಿಟ್ಟುಬಿಡಿ ಎಂದ ಇನ್ನೊಬ್ಬ. ಹೊಸ ಪೇಂಟು ಕಂಡರೆ ಓಡಿ ಬನ್ನಿ ಎಂದ ಮೂರನೆಯವನು. ಎಲ್ಲರೂ ಟಯರಿಗೆ ಒದೆಯಲು ಹೇಳಿದ್ದರು.

ಗಲ್ಲೆಯ ಮೇಲೆ ಕೂತು ಈ ಎಲ್ಲ ಉಪದೇಶ ಕೇಳಿದ ಮೇಲೆ ದೇವದಾಸರು ತಮ್ಮದೇ ಒಂದು ಸೂತ್ರ ಮಾಡಿಕೊಂಡಿದ್ದರು. ಗಾಡಿ ತಿಳಿಯದವನು ಗಾಡಿಯನ್ನು ನೋಡಿ ಪ್ರಯೋಜನವಿಲ್ಲ. ಮಾರುವವನನ್ನು ನೋಡಬೇಕು.

ಹಾಗಾಗಿ ಅವರು ಮನೀಶನನ್ನು ನೋಡಿದರು.

ಇಪ್ಪತ್ತೈದು ದಾಟದ ಹುಡುಗ. ಇಸ್ತ್ರಿ ಮುರಿಯದ ಅಂಗಿ, ಬೆರಳ ತುದಿಯಲ್ಲಿ ಅಯೋಡಿನ್ನಿನ ಹಳದಿ. ಉಲ್ಹಾಸನಗರದ ಒಬ್ಬ ಡಾಕ್ಟರರ ಹತ್ತಿರ ಕಂಪೌಂಡರ್ ಎಂದು ಹೇಳಿಕೊಂಡಿದ್ದ. ತಂದೆ ಕುಂದಾಪುರದ ಕಡೆಯವರಂತೆ, ಇಲ್ಲೇ ಕ್ಯಾಂಟೀನ್ ನಡೆಸಿ ತೀರಿಕೊಂಡವರಂತೆ. ಕನ್ನಡದಲ್ಲಿ ಕೇಳಿದ್ದೆಲ್ಲ ತಿಳಿಯುತ್ತಿತ್ತು. ಉತ್ತರ ಬರುತ್ತಿದ್ದುದು ಹಿಂದಿಯಲ್ಲಿ. ಇಲ್ಲಿ ಹುಟ್ಟಿದ ಮಕ್ಕಳೆಲ್ಲ ಹಾಗೇ.

"ಎಷ್ಟು ವರ್ಷದಿಂದ ಓಡಿಸ್ತಾ ಇದ್ದಿ?"

"ಚಾರ್ ಸಾಲ್. ಡೇಲಿ. ಫಸ್ಟ್ ಓನರ್ ಹೂಂ ಅಂಕಲ್."

"ಡೇಲಿ. ಒಳ್ಳೇದು." ದೇವದಾಸರು ಕುಕ್ಕರುಗಾಲಲ್ಲಿ ಕೂತರು. ಮೊಣಕಾಲು ಲಟಕ್ಕೆಂದಿತು. ಇಂಜಿನ್ನನ್ನು ಪರೀಕ್ಷಿಸುವವರ ಹಾಗೆ ಮುಖ ಮಾಡಿಕೊಂಡು, ಕೈಯನ್ನು ಗಾಡಿಯ ಮೈಮೇಲೆ ಸುಮ್ಮನೆ ಓಡಿಸಿದರು.

ಎಡಗಡೆ ಕಾಲಿಡುವ ಪೆಡಲು ಹಿಂದಕ್ಕೆ ಬಾಗಿತ್ತು. ಹ್ಯಾಂಡಲ್ಲಿನ ಎಡ ತುದಿಯ ಕ್ಲಚ್ ಹಿಡಿ ಹೊಚ್ಚ ಹೊಸದು, ಬಲಗಡೆಯ ಬ್ರೇಕ್ ಹಿಡಿ ಮಾತ್ರ ಅಜ್ಜನ ಕಾಲದ್ದು. ಗಾಡಿ ಎಡಕ್ಕೆ ಬಿದ್ದಿದೆ, ಸಣ್ಣಗೆ ಬಿದ್ದದ್ದಲ್ಲ. ಇಷ್ಟು ಅವರಿಗೂ ತಿಳಿಯಿತು.

ಆಮೇಲೆ ಬಲಗಡೆಗೆ ಬಂದರು. ಹಿಂದಿನ ಸೀಟಿನ ಕೆಳಗೆ, ಚಾಸಿಯ ಕೊಳವೆಯ ಮೇಲೆ ಬೆರಳು ಒಂದು ಕಡೆ ತಡೆಯಿತು. ಹೊಸ ಪೇಂಟಿನ ಅಡಿಯಲ್ಲಿ ಒಂದು ಗಂಟು. ಅದರ ಪಕ್ಕ ಇನ್ನೊಂದು. ಏನನ್ನೋ ಬೆಸುಗೆ ಹಾಕಿ ಕೂರಿಸಿ, ಆಮೇಲೆ ಕೊಯ್ದು ತೆಗೆದು, ಅರ ಹಾಕಿ ಉಜ್ಜಿದ ಗುರುತು.

ದೇವದಾಸರ ಬೆರಳು ಅಲ್ಲೇ ನಿಂತಿತು.

ಅವರಿಗೆ ಬೆಳಗ್ಗೆ ರೈಲಿನಲ್ಲಿ ಸಾಬವ್ವ ಹೇಳಿದ್ದು ಕಿವಿಯಲ್ಲಿತ್ತು. ಸಾಬವ್ವ ಮಾನಪ್ಪನ ಹೆಂಡತಿ. ಸಿಂದಗಿ ಕಡೆಯ ಹೆಣ್ಣುಮಗಳು, ಅದೇ ಸೈಟಿನಲ್ಲಿ ಇಟ್ಟಿಗೆ ಹೊರುವವಳು. ಗಾಡಿಯ ಗುರುತು ಹೇಳಮ್ಮ ಎಂದು ಕೇಳಿದಾಗ ಆಕೆ ನಾಚಿಕೊಂಡು ಹೇಳಿದ್ದಳು:

"ನನಗ ಬಲಗಿವಿ ಕೇಳಂಗಿಲ್ರಿ ಅಣ್ಣಾರ. ಎಲ್ಲಾ ಹೆಣ್ಮಕ್ಕಳಂಗ ಎಡಕ್ಕ ಕಾಲ ಇಳಿಬಿಟ್ಟು ಕುಂತ್ರ ಆ ಕಿವಿನ ಅವನ ಕಡಿ ಆಗಿ, ಅಂವ ಅಂದಿದ್ದು ಒಂದೂ ಕೇಳಸ್ತಿರಲಿಲ್ಲ. ಅದಕ್ಕ ನಾ ಬಲಕ್ಕ ಕಾಲ ಬಿಟ್ಟು ಕೂಡ್ತಿದ್ದೆ. ಸೈಟಿನ ಕಬ್ಬಿಣದ ಸಳಿ ಬಗ್ಗಿಸಿ, ಬಲಗಡಿನ ನನಗ ಕಾಲಿಡಾಕ ಮಾಡಿ ಕೊಟ್ಟಿದ್ದ. ಎದುರಿಗೆ ಬರೋ ಲಾರಿಯವ್ರು ಬೈಯೋರು. ಮಂದಿ ನಗೋರು."

"ಗಾಡಿ ಮೇಲೆ ಅವ ಅಂಥಾದ್ದು ಎಂತ ಹೇಳ್ತಾ ಇದ್ದ?"

"ಏನಿಲ್ರಿ. ಗುಂಡಿ ಬಂತು, ಗಟ್ಟಿ ಹಿಡಕೋ ಅಂತಿದ್ದ."

ಇಡೀ ದೇಶದ ಹೆಂಗಸರು ಎಡಕ್ಕೆ ಕೂರುವಾಗ ಒಬ್ಬಳು ಬಲಕ್ಕೆ ಕೂತಿದ್ದಳು, ಗುಂಡಿ ಬಂತು ಎಂಬ ಮಾತು ಕೇಳಿಸಿಕೊಳ್ಳಲಿಕ್ಕೆ. ಬಲಗಡೆ ಅಂಥ ಸರಳು ಬೆಸೆದ ಗಾಡಿ ಈ ಪ್ರಾಂತದಲ್ಲಿ ಇನ್ನೊಂದು ಇರಲಾರದು.

ಸಾಬವ್ವ ಈಗ ಸ್ಟೇಷನ್ನಿನ ಹೊರಗಿನ ಚಹಾದ ಟಪರಿಯಲ್ಲಿ ಕೂತಿದ್ದಳು. ಗಾಡಿ ಅದೇ ಹೌದೆನಿಸಿದರೆ ಬಂದು ಕರೆಯುತ್ತೇನೆ ಎಂದು ದೇವದಾಸರೇ ಕೂರಿಸಿ ಬಂದಿದ್ದರು. ಹೊರಡುವಾಗ ಆಕೆ ಒಂದು ಮಾತು ಹೇಳಿದ್ದಳು, ಚಹಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

"ಊರಾಗ ನಮ್ಮತ್ತಿ ಮರೆಮ್ಮ, ನನ್ನ ಮಗ ಹೋದ, ಕುಂಕುಮ ಅಳಸು ಅಂತ ಹೇಳಿ ಕಳಿಸ್ಯಾಳ. ಸೈಟಿನ್ಯಾಗ ಮಂದಿ, ಬ್ಯಾರೆಯಾಕಿ ಕೂಡ ಓಡಿ ಹೋದ ಅಂತಾರ. ಸತ್ತಿದ್ರ ಅಳ್ತೀನಿ. ಓಡಿ ಹೋಗಿದ್ರ ಬೈತೀನಿ. ಈಗ ಎರಡೂ ಬರವಲ್ದು ನನಗ. ಅದಾನೋ ಇಲ್ಲೋ, ಅಷ್ಟ ಹೇಳ್ರಿ ಅಣ್ಣಾರ. ಬ್ಯಾರೆ ಏನೂ ಬ್ಯಾಡ."

ಆಮೇಲೆ ಸಮಾಧಾನ ಮಾಡುವವಳ ಹಾಗೆ ಸೇರಿಸಿದ್ದಳು. "ಶಂಭು ಕಾಂಟ್ರಾಕ್ಟರ್ ಸಾಹೇಬ್ರು ಅದಾರಂತ ಬದಕೇನಿ. ನಮ್ಮ ಕಡೆಯವ್ರ. ಅಂವ ಹೋದಾಗಿಂದ ಜ್ವಾಳ, ಅಕ್ಕಿ ಎಲ್ಲಾ ಅವರ ಮನಿಯಿಂದನ. ದಿನಾ ಬಂದು ಕೇಳ್ತಾರ್ರಿ, ಏನಾರ ಸುದ್ದಿ ಬಂತೇನವಾ ಅಂತ."

ದಿನಾ ಬಂದು ಕೇಳುವ ಒಳ್ಳೆಯವರು ಅಪರೂಪ ಎಂದುಕೊಂಡಿದ್ದರು ದೇವದಾಸರು. ಯೋಚನೆಯನ್ನು ಅಲ್ಲಿಗೇ ಬಿಟ್ಟಿದ್ದರು. ಬಿಡಬಾರದಿತ್ತು.

ಅವರು ಎದ್ದು ನಿಂತು ಕೈ ಒರೆಸಿಕೊಂಡರು.

"ಸ್ಟಾರ್ಟ್ ಮಾಡಿ ತೋರಿಸು, ಮಾರಾಯ. ಸದ್ದು ಕೇಳ್ಬೇಕು."

"ಹಾಂ, ಹಾಂ." ಮನೀಶ ಹುರುಪಿನಿಂದ ಗಾಡಿ ಹತ್ತಿ ಕೂತ. ಬಲಗಾಲನ್ನು ಎತ್ತಿದ. ಎತ್ತಿದ ಕಾಲಿಗೆ ತುಳಿಯಲು ಏನೂ ಸಿಗಲಿಲ್ಲ. ಬಗ್ಗಿ ನೋಡಿದ. ಬಲಗಡೆ ಇದ್ದದ್ದು ಬ್ರೇಕಿನ ಪೆಡಲು ಒಂದೇ. ಅದನ್ನೇ ಒಮ್ಮೆ ತುಳಿದ. ಹಿಂದಿನ ದೀಪ ಹತ್ತಿ ಆರಿತು.

"ಅರೇ, ಕಿಕ್ ಕಿಧರ್…" ಎಂದು ತನಗೇ ಹೇಳಿಕೊಂಡ.

ದೇವದಾಸರು ಒಂದು ಹೆಜ್ಜೆ ಮುಂದೆ ಬಂದರು. ಅವರು ಈ ದೃಶ್ಯವನ್ನು ಮೊದಲೇ ನೋಡಿದ್ದರು. ಹೋದ ವಾರ ಮುಂಬ್ರಾದ ಗ್ಯಾರೇಜಿನಲ್ಲಿ ಬೇರೊಂದು ಯೆಜ್ಡಿಯ ಮೇಲೆ ಹೀಗೇ ಬಲಗಾಲೆತ್ತಿ, ಹೀಗೇ ಬಗ್ಗಿ, ಕಿಕ್ ಎಲ್ಲಿ ಎಂದು ಹುಡುಕಿದ್ದು ಸಾಕ್ಷಾತ್ ಅವರೇ. ಗ್ಯಾರೇಜಿನವರು ನಕ್ಕ ನಗೆಗೆ ಮುಂಬ್ರಾದ ಗುಡ್ಡದಿಂದ ಎರಡು ಕಲ್ಲು ಉರುಳಿ ಕೆಳಗಿನ ಹಳಿಯ ಮೇಲೆ ಬಿದ್ದು ಲೋಕಲ್ ತಡವಾಯಿತು. ಆ ಲೋಕಲ್ಲಿಗೆ ಕಾದವರು ಇಂದಿಗೂ ರೈಲ್ವೆಯನ್ನೇ ಬೈಯುತ್ತಾರೆ.

ಯೆಜ್ಡಿ ಎಂಬುದು ಬೇರೆ ಗಾಡಿಗಳ ಹಾಗಲ್ಲ. ಅದಕ್ಕೆ ಕಿಕ್ಕೂ ಗೇರೂ ಒಂದೇ ಕಡ್ಡಿ, ಅದೂ ಎಡಗಡೆಗೆ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್. ಹೊಡೆದ ಮೇಲೆ ಮತ್ತೆ ಮಲಗಿಸಿದರೆ ಗೇರು. ಒಂದು ದಿನ ಓಡಿಸಿದವನಿಗೂ ಇದು ಮರೆಯುವುದಿಲ್ಲ. ಒಂದು ದಿನವೂ ಓಡಿಸದವನಿಗೆ ಇದು ಹೊಳೆಯುವುದಿಲ್ಲ.

ಗಾಡಿ ಬಲ್ಲ ಯಾರಾದರೂ ಇಲ್ಲಿಗೆ ಕೊಳ್ಳಲು ಬಂದಿದ್ದರೆ, "ಬಿಡು ತಮ್ಮ, ನಾನೇ ಹೊಡೀತೇನೆ" ಎಂದು ತಾವೇ ಕಿಕ್ ಹೊಡೆದು ಹೋಗಿರುತ್ತಿದ್ದರು. ತಿಳಿಯದವನ ಮುಖದ ಮೇಲಿನ ಆ ಗಲಿಬಿಲಿಯನ್ನು ಗುರುತು ಹಿಡಿಯಲಿಕ್ಕೆ ಇನ್ನೊಬ್ಬ ತಿಳಿಯದವನೇ ಬೇಕಾಯಿತು.

"ಪೆಟ್ರೋಲಿಗೆ ಎಣ್ಣೆ ಎಷ್ಟು ಬೆರೆಸ್ತಿ?" ಎಂದರು ದೇವದಾಸರು ಮೆಲ್ಲಗೆ.

"ತೇಲ್? ತೇಲ್ ಕಾಯ್ಕೋ? ಸಾದಾ ಪೆಟ್ರೋಲ್ ಡಾಲೋ, ಮಸ್ತ್ ಚಲ್ತಾ ಹೈ."

ಎಣ್ಣೆ ಬೆರೆಸದೆ ಹಾಕಿದರೆ ಯೆಜ್ಡಿಯ ಇಂಜಿನ್ ಕಚ್ಚಿಕೊಂಡು ಕೂರುತ್ತದೆ ಎಂಬುದು ಮುಂಬ್ರಾದವರು ನಗೆಯ ಜೊತೆ ಪುಕ್ಕಟೆ ಕೊಟ್ಟ ಇನ್ನೊಂದು ಜ್ಞಾನ.

ದೇವದಾಸರು ಎಡಗಡೆಗೆ ಬಂದು ಬಗ್ಗಿದರು. ಕಡ್ಡಿಯನ್ನು ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿದರು. ಅದು ಟಕ್ ಎಂದು ನಿಂತಿತು.

"ಇದು ಇಲ್ಲಿ ಉಂಟು ನೋಡು, ನಿನ್ನ ಗಾಡಿಯ ಕಿಕ್. ನಾಲ್ಕು ವರ್ಷ ಡೇಲಿ ಹೇಗೆ ಸ್ಟಾರ್ಟ್ ಮಾಡ್ತಾ ಇದ್ದಿ? ಕೈ ಮುಗಿದಾ?"

ಮನೀಶ ಗಾಡಿಯಿಂದ ಇಳಿದ.

"ದೋಸ್ತ್ ಕೀ ಗಾಡಿ ಹೈ ಅಂಕಲ್. ಮೈ ಸಿರ್ಫ್ ಬೇಚ್ ರಹಾ ಹೂಂ."

"ಈಗಷ್ಟೇ ಫಸ್ಟ್ ಓನರ್ ಆಗಿದ್ದಿ. ಇಷ್ಟು ಬೇಗ ಟ್ರಾನ್ಸ್‌ಫರ್ ಆಯ್ತಾ?"

"ಅಂಕಲ್, ನಹೀ ಲೇನಾ ಹೈ ತೋ ಜಾವೋ. ಟೈಮ್ ಖೋಟಿ ಮತ್ ಕರೋ."

"ಹೋಗ್ತೇನೆ. ಸೀಟಿನ ಅಡಿಯಲ್ಲಿ, ಬಲಗಡೆ, ಬೆಸುಗೆ ಹಾಕಿದ ಸರಳನ್ನು ಕೊಯ್ದದ್ದು ಯಾರು ಅಂತ ಹೇಳು, ಹೋಗ್ತೇನೆ."

ಮನೀಶ ಎರಡು ಹೆಜ್ಜೆ ಹಿಂದೆ ಸರಿದ.

"ಆ ಸರಳಿನ ಮೇಲೆ ಒಬ್ಬಳು ಕಾಲಿಟ್ಟು ಕೂರ್ತಾ ಇದ್ದಳು. ಬಲಗಡೆಗೆ. ಯಾಕೆ ಅಂತ ಗೊತ್ತುಂಟಾ ನಿನಗೆ?"

ಹುಡುಗ ಹ್ಯಾಂಡಲ್ಲಿನಿಂದ ರಟ್ಟಿನ ಬೋರ್ಡನ್ನು ಬಿಚ್ಚಿ ಕೈಗೆ ತೆಗೆದುಕೊಂಡ. ಆಮೇಲೆ ಬಾಯಿಬಿಟ್ಟಾಗ ಹಿಂದಿ ಇರಲಿಲ್ಲ. ತಾಯಿಯ ಹತ್ತಿರ ಮಾತ್ರ ಆಡಿ ಗೊತ್ತಿದ್ದ, ತಡವರಿಸುವ ಕನ್ನಡ.

"ಬಲಗಿವಿ ಕೇಳುದಿಲ್ಲ ಅವಳಿಗೆ. ಅವನು ಹೇಳಿದ." ಸ್ವಲ್ಪ ಸುಧಾರಿಸಿಕೊಂಡು ಕೇಳಿದ. "ನೀವು ಯಾರ ಕಡೆಯವರು ಅಂಕಲ್?"

"ಅವಳ ಕಡೆ."

"ಹಾಗಾದ್ರೆ ಅವಳಿಗೆ ಹೋಗಿ ಹೇಳಿ. ಅವನು ಸತ್ತ ಅಂತ."

"ಸತ್ತಿದ್ದಾನಾ?"

ಮನೀಶನ ಕಣ್ಣು ತಾನಾಗಿಯೇ ಒಂದು ಸಲ ಮೇಲೆ ಹೋಗಿ ಬಂತು. ಜಗಲಿಯ ಮೂಲೆಯಿಂದ ಕಡಿದಾದ ಮರದ ಮೆಟ್ಟಿಲು ಹೊರಟು ಅಟ್ಟದ ಕೋಣೆಗೆ ಹೋಗುತ್ತಿತ್ತು. ಕೋಣೆಯ ಬಾಗಿಲು ಮುಚ್ಚಿತ್ತು.

"ಇಲ್ಲ," ಎಂದ.

ದೇವದಾಸರು ಜಗಲಿಯ ಅಂಚಿಗೆ ಕೂತುಬಿಟ್ಟರು. ಎಷ್ಟೋ ವಾರಗಳಿಂದ ಬೇಕಾಗಿದ್ದ ಉತ್ತರ ಒಂದೇ ಮಾತಿನಲ್ಲಿ ಬಂದುಬಿಟ್ಟಿತ್ತು. ಅದರ ಹಿಂದಿನದೆಲ್ಲ ಮನೀಶ ಪಿಸುಮಾತಿನಲ್ಲಿ, ಅವಸರವಸರವಾಗಿ ಹೇಳಿದ.

ಮಾನಪ್ಪ ಕೆಲಸ ಮಾಡುತ್ತಿದ್ದ ಸೈಟಿನಲ್ಲಿ ಒಂದು ಸ್ಲ್ಯಾಬ್ ಕುಸಿದಿತ್ತು. ಕೆಳಗೆ ಯಾರೂ ಇರಲಿಲ್ಲ ಎಂದು ಕಾಂಟ್ರಾಕ್ಟರ್ ಎಲ್ಲರಿಗೂ ಹೇಳಿದ. ಇಬ್ಬರು ಇದ್ದರು ಎಂಬುದು ಮಾನಪ್ಪನಿಗೆ ಗೊತ್ತಿತ್ತು. ಅವರನ್ನು ಆ ದಿನ ಅಲ್ಲಿ ಕೆಲಸಕ್ಕೆ ನಿಲ್ಲಿಸಿದವನೇ ಅವನು. ಅವರ ಮನೆಯವರಿಗೆ ಹೇಳುತ್ತೇನೆ ಎಂದ. ಅಷ್ಟೇ ಸಾಕಾಯಿತು. ಮನೆಗೆ ಬರುವಾಗ ಶಿಳ್‌ಫಾಟಾದ ಹತ್ತಿರ ಹಿಂದಿನಿಂದ ಬಂದ ಟೆಂಪೋ ಗಾಡಿಗೆ ಗುದ್ದಿ, ನಿಲ್ಲಿಸದೆ ಹೋಯಿತು.

"ಎಡಗೈ ಮುರಿದಿತ್ತು. ಒಂದೇ ಕೈಯಲ್ಲಿ, ಫಸ್ಟ್ ಗೇರಲ್ಲೇ ತೆವಳಿಸ್ಕೊಂಡು ಬಂದ ನಮ್ಮ ಕ್ಲಿನಿಕ್ಕಿಗೆ. ಡಾಕ್ಟರ್ ಇರಲಿಲ್ಲ. ನಾನೇ ಪಟ್ಟಿ ಕಟ್ಟಿದ್ದು." ಮನೀಶ ಬೆರಳಿನ ಹಳದಿಯನ್ನು ಉಜ್ಜಿಕೊಂಡ. "ಕನ್ನಡದಲ್ಲಿ ನೀರು ಕೇಳಿದ ಅಂಕಲ್. ನಮ್ಮ ಅಪ್ಪ ಕೊನೆಗೆ ಹಾಗೇ ಕೇಳಿದ್ದು. ಆಮೇಲೆ ಹೇಗೆ ಹೊರಗೆ ಕಳಿಸುದು?"

"ಹೆಂಡತಿಗೆ ಒಂದು ಮಾತು ಹೇಳಿ ಕಳಿಸ್ಬಹುದಿತ್ತಲ್ಲ ಅವ."

"ಬೇಡ ಅಂತಾನೆ. ಅವಳು ಆ ಕಾಂಟ್ರಾಕ್ಟರಂದೇ ಅನ್ನ ತಿಂತಾ ಇದ್ದಾಳಂತೆ, ಅವರದ್ದೇ ಸೈಟಲ್ಲಿ. ಅವಳ ಮುಖ ನೋಡಿದ್ರೆ ಒಳಗಿದ್ದದ್ದು ಯಾರಿಗಾದ್ರೂ ಗೊತ್ತಾಗ್ತದಂತೆ. ಸತ್ತ ಅಂತ ನಂಬಿದ್ರೆ ಮಾತ್ರ ಸರಿಯಾಗಿ ಅಳ್ತಾಳೆ. ಅಳುದು ನೋಡಿದ್ರೆ ಆ ಶಂಭು ಹುಡುಕುದು ಬಿಡ್ತಾನೆ. ಆಮೇಲೆ ಅವಳು ಊರಿಗೆ ಹೋಗ್ಬಹುದು. ಗಾಡಿ ಮಾರಿ ಬಂದ ದುಡ್ಡು ಅದಕ್ಕೇ."

ಶಂಭು ಎಂಬ ಹೆಸರು ಅಂಗಳದಲ್ಲಿ ಬಿದ್ದು ಅಲ್ಲೇ ಉಳಿಯಿತು.

ದೇವದಾಸರು ಕಿತ್ತುಹೋದ ಚಪ್ಪಲಿಯನ್ನು ಕಾಲಿನಿಂದ ಸರಿಸಿ ಕೂತರು. ಕಂಡುಹಿಡಿಯುವ ಕೆಲಸ ಅವರಿಗೆ ಗೊತ್ತಿತ್ತು. ಕಂಡುಹಿಡಿದದ್ದನ್ನು ಏನು ಮಾಡುವುದು ಎಂಬುದು ಹಿಂದೆಂದೂ ಪ್ರಶ್ನೆಯಾಗಿ ಬಂದಿರಲಿಲ್ಲ. ಕಳೆದ ಕೊಡೆ ಸಿಕ್ಕಿದರೆ ಕೊಡೆಯವನಿಗೆ ಕೊಟ್ಟರಾಯಿತು. ಆದರೆ ಗಂಡ ಸಿಕ್ಕಿದ್ದಾನೆ, ಸಿಕ್ಕಿದ ಗಂಡ ತಾನು ಸತ್ತೆನೆಂದು ಹೇಳಿಸುತ್ತಿದ್ದಾನೆ. ಆಕೆ ಕೇಳಿದ್ದು ಒಂದೇ ಮಾತು. ಆ ಒಂದು ಮಾತಿನ ಸತ್ಯ ಹೇಳಿದರೆ ಮೇಲಿರುವವನು ಉಳಿಯುವುದಿಲ್ಲ. ಸುಳ್ಳು ಹೇಳಿದರೆ, ಬದುಕಿರುವವನ ಹೆಂಡತಿ ನಾಳೆ ಕುಂಕುಮ ಅಳಿಸುತ್ತಾಳೆ. ಅದೂ ತಮ್ಮ ಮಾತು ನಂಬಿ.

ಮಾನಪ್ಪನ ಲೆಕ್ಕ ಸರಿಯೇ ಇತ್ತು. ಸರಿ ಇದ್ದದ್ದರಿಂದಲೇ ದೇವದಾಸರಿಗೆ ಸಿಟ್ಟು ಬಂತು. ಆಕೆಯ ಅಳುವನ್ನು ಆಕೆಯನ್ನು ಕೇಳದೆ ಖರ್ಚು ಮಾಡಲು ಈ ಗಂಡನಿಗೆ ಯಾರು ಹೇಳಿದರು? ಗುಂಡಿ ಬಂತು ಎಂದು ಹೇಳುತ್ತಿದ್ದವನು ಇಷ್ಟು ದೊಡ್ಡ ಗುಂಡಿ ಬಂದಾಗ ಸುಮ್ಮನಿದ್ದಾನಲ್ಲ.

"ನಾನು ಒಮ್ಮೆ ಅವನ ಹತ್ತಿರ ಮಾತಾಡ್ತೇನೆ," ಎಂದು ಎದ್ದರು.

ಏಳುವಷ್ಟರಲ್ಲಿ ಗಲ್ಲಿಯ ಬಾಯಿಯಲ್ಲಿ ಜೀಪು ನಿಂತ ಸದ್ದಾಯಿತು.

"ಅಣ್ಣಾರ, ಇಲ್ಲೇ ಅದೀರೇನು," ಎಂದು ಸಾಬವ್ವನ ಧ್ವನಿ ಬಂತು. ಹಿಂದೆಯೇ ಆಕೆಯೂ ಬಂದಳು. ಮುಖದಲ್ಲಿ ಏನೋ ಧೈರ್ಯ. "ಶಂಭು ಸಾಹೇಬ್ರು ಬಂದಾರ್ರಿ. ವಿಠ್ಠಲವಾಡಿಗೆ ಗಾಡಿ ನೋಡಾಕ ಹೊಂಟೀವಿ ಅಂತ ಮುಂಜಾನಿ ನಾನ ಹೇಳಿ ಬಂದಿದ್ದೆ. ಒಬ್ಬಾಕೀನ ಯಾಕ ಕುಂತಿ, ನಡಿ ನಾನೂ ಬರ್ತೀನಿ ಅಂದ್ರು."

ಆಕೆಯ ಹಿಂದೆ ಬಂದವನು ಐವತ್ತರ ಸಮೀಪದ, ಮಿತವಾದ ಮೈಕಟ್ಟಿನ ಮನುಷ್ಯ. ಬಿಳಿ ಸಫಾರಿ. ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ. ಅಂಗಳಕ್ಕೆ ಕಾಲಿಡುವ ಮುಂಚೆ ಹೊಸ್ತಿಲಿಗೆ ನಮಸ್ಕಾರ ಮಾಡುವಂಥ ವಿನಯ. ದೇವದಾಸರನ್ನು ನೋಡಿ ಎರಡೂ ಕೈ ಜೋಡಿಸಿದ.

"ನಿಮ್ಮನ್ನ ನೋಡಬೇಕು ಅಂತ ಬಾಳ ಆಸೆ ಇತ್ತು ನೋಡ್ರಿ. ಠಾಣೆದಾಗ ಕೇಳಿದ್ರಿ, ಕಳವಾಕ್ಕ ಹೋದ್ರಿ, ಮುಂಬ್ರಾಕ್ಕ ಹೋದ್ರಿ. ಯಾವ ಗಾಡಿ ತೋರಿಸಿದ್ರೂ ಒಲ್ಲೆ, ಯೆಜ್ಡಿನ ಬೇಕು ಅಂದ್ರಿ. ಮೊದಲನೇ ಸಲ ಗಾಡಿ ತಗೊಳಾವ್ರು ಇಷ್ಟು ಹಟ ಹಿಡಿಯಂಗಿಲ್ರಿ. ಗ್ಯಾರೇಜಿನ ಮಂದಿ ನನಗ ಫೋನ್ ಮಾಡಿ ಮಾಡಿ ಸಾಕಾಗ್ಯಾರ."

ದೇವದಾಸರಿಗೆ ಈಗ ಹೊಳೆಯಿತು. ಊರೂರು ತಿರುಗಿ, ಸಿಕ್ಕಸಿಕ್ಕವರ ಹತ್ತಿರ ಯೆಜ್ಡಿ ಯೆಜ್ಡಿ ಎಂದು ಕೂಗಿ, ಪತ್ತೇದಾರರು ಪತ್ತೆ ಮಾಡುತ್ತಿದ್ದದ್ದು ತಮಗಾಗಿ ಅಲ್ಲ. ಈತ ಆರಾಮವಾಗಿ ಹಿಂದೆ ಬಂದಿದ್ದ.

ಶಂಭು ಗಾಡಿಯ ಬಲಗಡೆ ನಿಂತು ಟ್ಯಾಂಕಿನ ಮೇಲೆ ಕೈ ಆಡಿಸಿದ. "ಎಡಕ್ಕ ಬಿದ್ದಿದ್ದ ಗಾಡಿ. ಚೊಲೋ ರಿಪೇರಿ ಮಾಡಸ್ಯಾರ," ಎಂದ.

ಎಡಗಡೆಯನ್ನು ಅವನು ಇನ್ನೂ ನೋಡಿರಲಿಲ್ಲ.

ಸಾಬವ್ವ ಗಾಡಿಯ ಹತ್ತಿರ ಬಂದಳು. ಬಣ್ಣ ಬೇರೆಯಾಗಿದ್ದರೂ ಆಕೆಗೆ ಹುಡುಕಬೇಕಾಗಲಿಲ್ಲ. ಕೈ ನೇರವಾಗಿ ಸೀಟಿನ ಕೆಳಗೆ ಹೋಯಿತು, ಗಂಟುಗಳ ಮೇಲೆ ನಿಂತಿತು. ಆಕೆ ಕಣ್ಣೆತ್ತಿ ದೇವದಾಸರನ್ನು ನೋಡಿದಳು.

"ಇದ ಗಾಡಿ," ಎಂದಳು. "ಹೇಳ್ರಿ ಅಣ್ಣಾರ. ಅದಾನೋ ಇಲ್ಲೋ?"

ಶಂಭು ಕೂಡ ಅವರನ್ನೇ ನೋಡುತ್ತಿದ್ದ, ತುಂಬ ಮರುಕದಿಂದ. ಮನೀಶ ಗೋಡೆಗೆ ಒರಗಿದ್ದ. ಹೋಟೆಲಿನಲ್ಲಿ ಕೂತು ಸಾವಿರ ಜನರ ಸುಳ್ಳನ್ನು ಹಿಡಿದ ದೇವದಾಸರಿಗೆ ತಾವು ಹೇಳಬೇಕಾದ ಒಂದು ಸುಳ್ಳು ಬಾಯಿಯಲ್ಲಿ ಅನ್ನದ ಉಂಡೆಯ ಹಾಗೆ ಸುತ್ತುತ್ತಿತ್ತು.

"ಇಲ್ಲ ತಂಗಿ," ಎಂದರು. "ಮಾನಪ್ಪ ಇಲ್ಲ."

ಸಾಬವ್ವ ಅಳಲಿಲ್ಲ. ಎಡಗಿವಿಯನ್ನು ಅವರ ಕಡೆ ತಿರುಗಿಸಿದಳು. ಶಂಭು ತಲೆ ತಗ್ಗಿಸಿ "ಶಿವಾ, ಶಿವಾ" ಎಂದ.

"ನೀವು ನೋಡೀರೇನು?" ಎಂದಳು ಸಾಬವ್ವ.

"ಇಲ್ಲ. ಈ ಹುಡುಗ ಹೇಳಿದ್ದು."

"ಇವರು ನೋಡ್ಯಾರೇನು? ಎಲ್ಲಿ ಮಣ್ಣ ಮಾಡಿದ್ರು? ಯಾರು ಮಾಡಿದ್ರು? ತಲಿ ಯಾವ ದಿಕ್ಕಿಗಿ ಇಟ್ರು?"

ಮನೀಶ ದೇವದಾಸರನ್ನು ನೋಡಿದ. ದೇವದಾಸರು ಗಾಡಿಯನ್ನು ನೋಡಿದರು.  ಸುಳ್ಳಿಗೆ ಹೆಣವೊಂದು ಬೇಕಾಗುತ್ತದೆ ಎಂಬುದನ್ನು ಅಟ್ಟದ ಮೇಲಿನವನೂ ಯೋಚಿಸಿರಲಿಲ್ಲ.

"ಅವನ ಮಾರಿ ನೋಡದ ನಾ ನಂಬಂಗಿಲ್ಲ," ಎಂದಳು ಸಾಬವ್ವ. "ತೋರಸೋತನಾ ಇಲ್ಲಿಂದ ಏಳಂಗಿಲ್ಲ." ಹೋಗಿ, ಜಗಲಿಯ ಮೂಲೆಯಲ್ಲಿ, ಮರದ ಮೆಟ್ಟಿಲ ಮೊದಲನೆಯ ಹಲಗೆಯ ಮೇಲೆ ಕೂತುಬಿಟ್ಟಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆಗ, ಬಹಳ ತಡವಾಗಿ, ಸದ್ದಿಲ್ಲದೆ ಭುಜ ಅಲುಗತೊಡಗಿತು. ಆಮೇಲೆ ಸದ್ದೂ ಬಂತು.

ಮೇಲೆ ಹಲಗೆಯೊಂದು ಸಣ್ಣಗೆ ಕಿರುಗುಟ್ಟಿತು.

ಶಂಭು ನಿಧಾನವಾಗಿ ತಲೆ ಎತ್ತಿದ.

"ಮ್ಯಾಲ ಯಾರದಾರಪಾ?"

"ಅಜ್ಜಿ," ಎಂದ ಮನೀಶ. ಹಿಂದಿಯಲ್ಲಿ ಹೇಳಲೂ ಮರೆತಿದ್ದ. "ಹುಷಾರಿಲ್ಲ."

ಶಂಭು ಆಗಲಿ ಎಂಬಂತೆ ತಲೆಯಾಡಿಸಿದ. ಯೆಜ್ಡಿಯ ಸೀಟಿನ ಮೇಲೆ, ಬಹಳ ಹೊತ್ತು ಕಾಯಬೇಕಾದವನ ಹಾಗೆ, ಆರಾಮವಾಗಿ ಕೂತ.

"ಹಂಗಾರ ಅಜ್ಜಿನ್ನ ಮೆಲ್ಲಕ ಕೆಳಗ ಕರಿ, ತಮ್ಮಾ. ಗಂಡನ ಕಳಕೊಂಡ ಹೆಣ್ಮಗಳು ಅಳಾಕ ಹತ್ಯಾಳ. ಹಂತ್ಯಾಕ ಒಬ್ಬಾಕಿ ಹಿರ್ಯಾಕಿ ಇರಬೇಕಲ್ಲ."